ಹೆಪ್ಪಿನ ಚಂಪವ್ವ

ಬಹಳ ಹಿಂದೆ, ಡುಬ್ಬದ ಕಂಪ್ಯೂಟರುಗಳು ಗುಜರಿ ಸೇರಿ ತೆಳ್ಳಗಿನವು ಬಂದ ಕಾಲದಲ್ಲಿ, ಹೊಳೆಯ ದಂಡೆಗೆ ಒಂದು ಊರಿತ್ತು. ಆ ಊರಿನ ಕೊನೆಯ ಓಣಿಯಲ್ಲಿ ಗುಜರಿ ವ್ಯಾಪಾರದ ಮನೆಯೊಂದಿತ್ತು. ಆ ಮನೆಯ ಸೊಸೆ ಚಂಪವ್ವ. ಗಂಡ ತಂದು ಸುರಿದ ರಾಶಿಯಲ್ಲಿ ಎಲ್ಲರೂ ತಾಮ್ರ ಹುಡುಕಿದರೆ, ಇವಳು ಇನ್ನೂ ಜೀವ ಇರುವುದನ್ನು ಹುಡುಕುತ್ತಿದ್ದಳಂತೆ. ಹಳೇ ಕಂಪ್ಯೂಟರಿಗೆ ಕಿವಿಯಿಟ್ಟರೆ ಸಾಕು, ಯಾವ ಭಾಗ ಸತ್ತಿದೆ ಎಂದು ಹೇಳುತ್ತಿದ್ದಳು ಅಂತಾರೆ. ಕಂಡವರು ಯಾರೂ ಉಳಿದಿಲ್ಲ, ಹೇಳುವವರು ಮಾತ್ರ ಹೆಚ್ಚಾಗಿದ್ದಾರೆ.

ಅತ್ತೆ ಕಾಶವ್ವನಿಗೆ ಇದು ಹಿಡಿಸಲಿಲ್ಲ. ಮಾರುವ ಮಾಲನ್ನು ಮನೆಯೊಳಗೆ ತಂದು ಕೂಡಿಸುವ ಸೊಸೆ ಯಾರಿಗೆ ಬೇಕು? ಚಂಪವ್ವ ಒಂದರ ಹೊಟ್ಟೆಯೊಳಗಿನದನ್ನು ಇನ್ನೊಂದಕ್ಕೆ ಹಾಕಿ, ಮತ್ತೊಂದರ ಫ್ಯಾನು ಕೂಡಿಸಿ, ಅಡುಗೆಮನೆಯ ಮೂಲೆಯಲ್ಲಿ ಒಂದು ಯಂತ್ರ ನಿಲ್ಲಿಸಿದಳು. ಐದು ಕಂಪ್ಯೂಟರಿನದು ಅಂತಾರೆ ಕೆಲವರು, ಐವತ್ತರದು ಅಂತಾರೆ ಕೆಲವರು. ಅದಕ್ಕೆ ಸರ್ವರ್ ಅಂತ ಹೆಸರು. ಫೋನಿನಲ್ಲಿ ಜಾಗವಿಲ್ಲದೆ ಅಳಿಸಬೇಕಾಗಿದ್ದ ಓಣಿಯವರ ಹಾಡು, ಫೋಟೋ, ವಿಡಿಯೋ ಎಲ್ಲ ಅದರೊಳಗೆ ಹೋಗಿ ಕೂತವು. ಬೇಕಾದವರು ತಮ್ಮ ಕಟ್ಟೆಯ ಮೇಲೆ ಕೂತೇ ಫೋನಿಗೆ ಕರೆಸಿಕೊಂಡು ಕೇಳುತ್ತಿದ್ದರು.

ಅದರೊಳಗಿನ ದೊಡ್ಡ ಆಸ್ತಿ ಎಂದರೆ ದುಂಡವ್ವನ ಸೋಬಾನೆ. ಅವಳು ಹಾಡದೆ ಆ ಓಣಿಯಲ್ಲಿ ಯಾರೂ ತಾಳಿ ಕಟ್ಟಿದ್ದಿಲ್ಲ. ಈಗ ಮುದುಕಿಯ ಗಂಟಲು ಬಿದ್ದುಹೋಗಿತ್ತು. ದಸರೆ ಮುಗಿದರೆ ಅವಳ ಮೊಮ್ಮಗಳ ಮದುವೆ. ಯಂತ್ರವೇ ಹಾಡಬೇಕಿತ್ತು.

ಕಾಶವ್ವನ ಮನಸ್ಸು ತಿರುಗಿದ್ದು ಹಾಡಿನಿಂದಲ್ಲ, ಮೊಸರಿನಿಂದ. ಹಿಂದಿನ ಚಳಿಗಾಲದಲ್ಲಿ ಒಮ್ಮೆ, ಹೆಪ್ಪು ಹಾಕಿದ ಹಾಲಿನ ಗಡಿಗೆಯನ್ನು ಯಂತ್ರದ ಬಿಸಿಗೆ ಇಟ್ಟಳು. ಬೆಳಗ್ಗೆ ನೋಡಿದರೆ ಚಾಕು ಹಾಕಿ ಕೊಯ್ಯುವಂಥ ಮೊಸರು. ಅಂದಿನಿಂದ ಯಂತ್ರವನ್ನು ಬೈದವರಿಗೆ ಆ ಮನೆಯಲ್ಲಿ ಮಜ್ಜಿಗೆ ಸಿಗುತ್ತಿರಲಿಲ್ಲ.

ಆಯುಧ ಪೂಜೆ ಬಂತು. ತಕ್ಕಡಿ ತೊಳೆದರು, ಗಾಡಿ ತೊಳೆದರು. ಎಲ್ಲದಕ್ಕೂ ಸ್ನಾನವಾಗಿ ಯಂತ್ರಕ್ಕೊಂದೇ ಆಗಲಿಲ್ಲವಲ್ಲ ಎಂದು ಕಾಶವ್ವನ ಕರುಳು ಚುರ್ ಎಂದಿತು. ಸೊಸೆ ಹೂ ತರಲು ಹೋದಾಗ ಬೆಚ್ಚನೆಯ ನೀರು, ಸೀಗೆಪುಡಿ ತಂದು, ಓಡುತ್ತಿದ್ದ ಯಂತ್ರಕ್ಕೆ ತಲೆಯಿಂದ ಎರೆದಳು. ಟಪ್ ಅಂತು. ಹೊಗೆ ಎದ್ದಿತು. ಧೂಪ ಅಂದುಕೊಂಡಳಂತೆ, ಪಾಪ.

ಚಂಪವ್ವ ಬಂದು ನೋಡಿ ಮೊದಲು ಯಂತ್ರದ ವೈರು ಕಿತ್ತಳು.

"ಕೊಳಿ ಬಾಳ ಆಗಿತ್ತವ್ವ," ಅಂದಳು ಕಾಶವ್ವ.

"ಬೆನ್ನೂ ತಿಕ್ಕಿದ್ರೇನ್ರಿ ಅತ್ತಿ?"

ಸುದ್ದಿ ಕೇಳಿ ದುಂಡವ್ವ ಓಡಿ ಬಂದಳು. ತನ್ನ ಗಂಟಲು ಎರಡನೇ ಸಲ ಹೋಯಿತು ಎಂದು ಪಿಸುದನಿಯಲ್ಲೇ ಅತ್ತಳು. ಮೊಮ್ಮಗಳ ಮದುವೆ ಮೂಕ ಮದುವೆ ಆಯಿತಲ್ಲ ಅಂದಳು. ಕಾಶವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅತ್ತಿ, ಮನ್ಯಾಗಿನ ಮೊಸರು ಕೆಟ್ಟರ ಹೆಪ್ಪು ಎಲ್ಲಿಂದ ತರ್ತೀರಿ?" ಎಂದು ಕೇಳಿದಳು ಚಂಪವ್ವ.

"ಮಗ್ಗಲ ಮನಿಯಿಂದ."

"ಮತ್ತ ಅಳೋದ್ಯಾಕ?"

ಯಂತ್ರದಲ್ಲಿದ್ದುದನ್ನೆಲ್ಲ ಹಳೇ ಡಿಸ್ಕುಗಳಿಗೂ ತುಂಬಿ, ಚಂಪವ್ವ ಮೊದಲೇ ಮನೆಗೊಂದರಂತೆ ಹಂಚಿದ್ದಳು. ಇದು ಹೆಪ್ಪು, ಜೋಪಾನ ಅಂದಿದ್ದಳು. ಜನ ನಕ್ಕು, ಜೋಳದ ಡಬ್ಬಿಯಲ್ಲೋ ಟ್ರಂಕಿನಲ್ಲೋ ಇಟ್ಟು ಮರೆತಿದ್ದರು. ದುಂಡವ್ವನ ಮನೆಯದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿತ್ತು. ಅದನ್ನೇ ತಂದರು. ಗುಜರಿ ರಾಶಿಯಿಂದ ಇನ್ನೊಂದು ಯಂತ್ರ ಎದ್ದಿತು. ಕಾಶವ್ವ ಹೋಳಿಗೆ ಬೇಯಿಸಿ ಇಳಿಸುವುದರೊಳಗೆ ಎದ್ದಿತು ಅಂತಾರೆ.

ಮದುವೆಯ ದಿನ ಚಪ್ಪರದ ತುಂಬ ದುಂಡವ್ವನ ಸೋಬಾನೆ. ಎದುರಿಗೇ ಎಲೆಅಡಿಕೆ ಹಾಕಿಕೊಂಡು ಕೂತ ದುಂಡವ್ವ, ಪಕ್ಕದ ಕಾಶವ್ವನ ಕಿವಿಯಲ್ಲಿ, "ಈಕಿ ಕಡೀ ನುಡಿ ಬಾಳ ಎಳೀತಾಳ ನೋಡು," ಅಂದಳಂತೆ. ಕಾಶವ್ವ ನಕ್ಕ ನಗೆಗೆ ತಾಳಿ ಕಟ್ಟುವ ಮದುಮಗನೂ ಕೈ ತಡೆದು ತಿರುಗಿ ನೋಡಿದನಂತೆ.

ಈಗಲೂ ಆ ಓಣಿಯಲ್ಲಿ ಆಯುಧ ಪೂಜೆಯ ದಿನ ಯಂತ್ರಗಳಿಗೆ ಒಣ ಬಟ್ಟೆಯ ಸ್ನಾನವೇ. ಆಮೇಲೆ ಪ್ರತಿ ಮನೆಯವರೂ ಪಕ್ಕದ ಮನೆಗೆ ಒಂದು ಬಟ್ಟಲಲ್ಲಿ ಹೆಪ್ಪು, ಒಂದು ಬಟ್ಟೆಯಲ್ಲಿ ಸುತ್ತಿದ ಡಿಸ್ಕು ಕೊಟ್ಟು ಬರುತ್ತಾರೆ. ಕೊಡುವಾಗ ಬೇರೆ ಮಂತ್ರವಿಲ್ಲ. ಕಾಶವ್ವನನ್ನು ನೆನೆದು, ನಗು ತಡೆದುಕೊಂಡು, "ಬೆನ್ನು ತಿಕ್ಕಬ್ಯಾಡ್ರಿ," ಅಂತಾರೆ.