ಪೈಲ್ವಾನನ ಮಣಿಕಟ್ಟು

"ಬುದ್ಧೀ, ನಾನು ಹಿಡಿತ ಬಿಗಿ ಮಾಡಿದಷ್ಟೂ ಅಡುಗೆಮನೆ ಕೈತಪ್ಪಿ ಹೋಗುತ್ತಿದೆ. ಯಾಕೆ?" ಎಂದು ಗುರುಗಳನ್ನು ಕೇಳಿದ ಮರುಳಸಿದ್ಧ.

ಮಠದ ದಾಸೋಹದ ಉಸ್ತುವಾರಿ ಅವನಿಗೆ ಬಂದು ಮೂರು ತಿಂಗಳಾಗಿತ್ತು. ಬಂದವನೇ ಅಡುಗೆಮನೆಯಲ್ಲಿದ್ದ ಮುದುಕಿ ನಿಂಗಜ್ಜಿಯನ್ನು ಅವಳ ಮಗಳ ಊರಿಗೆ ಕಳಿಸಿಬಿಟ್ಟಿದ್ದ. ಇಬ್ಬರು ಬಾಣಸಿಗರ ನಡುವೆ ಕೂತು ಹರಟುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವೇ ಇರಲಿಲ್ಲ. ಕೂತು ಉಣ್ಣುವ ಬಾಯೊಂದು ಕಡಿಮೆಯಾಯಿತೆಂದು ಒಳಗೊಳಗೇ ಬೀಗಿದ್ದ ಕೂಡ. ಈಗ ಆ ಬಾಣಸಿಗರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇವನು ಗದರಿದಷ್ಟೂ ಅವರು ದೂರವಾದರು. ಹಿಂದಿನ ದಿನ ಇನ್ನೂರು ಜನ ಎಲೆಯ ಮುಂದೆ ಕಾದು ಕಾದು ಹಸಿದೇ ಎದ್ದುಹೋಗಿದ್ದರು. ಆ ನಾಚಿಕೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪೈಲ್ವಾನ ಕುಸ್ತಿಯಲ್ಲಿ ಅಂಗೈ ಊರಿ ಬಿದ್ದ. ಮಣಿಕಟ್ಟಿನ ಊತ ಇಳಿಯಿತು, ನೋವು ಇಳಿಯಲಿಲ್ಲ. ಗರಡಿಯವರಿಗೆ ತಿಳಿದಿರುವ ಔಷಧ ಒಂದೇ, ಇನ್ನಷ್ಟು ಸಾಮು. ಅವನೂ ದಿನಾ ಗದೆ ತಿರುಗಿಸಿದ. ತೋಳು ತೊಡೆಯಷ್ಟಾಯಿತು, ಆದರೆ ಕೈಯಲ್ಲಿ ತುಂಬಿದ ಚೊಂಬು ನಿಲ್ಲದಾಯಿತು. ಇನ್ನು ಅಖಾಡಕ್ಕೆ ಇಳಿಯುವುದೇ ಆಗದೇನೋ ಎಂದು ಹೆದರಿ, ಮೂಳೆ ಕೂರಿಸುವ ಮುದುಕನ ಬಳಿಗೆ ಹೋದ.

"ಯಾವ ಮೂಳೆ ಮುರಿದಿದೆ, ಅಜ್ಜಾ?"

"ಒಂದೂ ಮುರಿದಿಲ್ಲ" ಎಂದ ಮುದುಕ, ಮಣಿಕಟ್ಟಿನ ಮೇಲೆ ಬೆರಳಿಟ್ಟು. "ಇಲ್ಲಿ ಎಂಟು ಸಣ್ಣ ಮೂಳೆಗಳಿವೆ. ಈ ಎರಡರ ನಡುವೆ ನಾರಿನಂಥ ಗಿಡ್ಡ ಕಟ್ಟೊಂದು ಇರುತ್ತದೆ. ತಾನಾಗಿ ಅದು ಒಂದು ಹುಲ್ಲುಕಡ್ಡಿಯನ್ನೂ ಎತ್ತುವುದಿಲ್ಲ. ಎರಡೂ ಜೊತೆಯಲ್ಲಿ ತಿರುಗುವಂತೆ ನೋಡಿಕೊಳ್ಳುತ್ತದೆ, ಅಷ್ಟೇ. ನಿನಗೆ ಹರಿದಿರುವುದು ಅದು. ಎಲ್ಲಿ, ಮುಷ್ಟಿ ಬಿಗಿ ನೋಡೋಣ."

ಪೈಲ್ವಾನ ಬಿಗಿದ. ಮುದುಕನ ಬೆರಳಿನಡಿ ಎರಡು ಮೂಳೆಗಳು ಸರಿದು ಸಂದು ಬಿಟ್ಟವು.

"ಇನ್ನು ಗದೆ ಮುಟ್ಟಬೇಡ. ನಿನ್ನ ಬಲವೇ ಇವನ್ನು ಅಗಲಿಸುತ್ತಿದೆ" ಎಂದ ಮುದುಕ.

ಕತೆ ಕೇಳುತ್ತಲೇ ಮರುಳಸಿದ್ಧ ತನ್ನ ಮಣಿಕಟ್ಟನ್ನು ಒತ್ತಿ ನೋಡಿಕೊಳ್ಳುತ್ತಿದ್ದ. ಮುಷ್ಟಿ ಬಿಗಿದ, ಬಿಟ್ಟ, ಮತ್ತೆ ಬಿಗಿದ. ಇಷ್ಟು ವರ್ಷ ಇದೇ ಕೈಯಲ್ಲಿ ಉಂಡಿದ್ದರೂ ಅಲ್ಲಿ ಅಂಥದೊಂದು ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಬೆರಗಾಯಿತು.

"ಹರಿಯುವವರೆಗೂ ಅದು ಇರುವುದೇ ತಿಳಿಯುವುದಿಲ್ಲವೇ, ಬುದ್ಧೀ?"

"ನಿಂಗಜ್ಜಿಯ ಮಗಳ ಊರು ಯಾವುದಪ್ಪಾ?" ಎಂದರು ಗುರುಗಳು.

ಮರುಳಸಿದ್ಧ ಬಿಗಿದ ಮುಷ್ಟಿ ಬಿಟ್ಟು, ಅವಳನ್ನು ಕರೆತರಲು ಎದ್ದ.