ಬೈಕು ಹತ್ತಿದ ಸ್ಟ್ಯಾಂಡು

ಚೈನಿಗೆ ಎಣ್ಣೆ ಹಾಕಿಸಿಕೊಳ್ಳಬೇಕಿದ್ದ ಬೈಕೊಂದು ಹಿಂದಿನ ಚಕ್ರ ಎತ್ತಿ ಹಿಡಿಯುವ ಎರಡು ಸ್ಟ್ಯಾಂಡುಗಳಲ್ಲಿ ಯಾವುದನ್ನು ಹತ್ತುವುದೆಂದು ತಿಳಿಯದೆ ಮನೆಯಂಗಳದಲ್ಲಿ ತಲೆ ಕೆಡಿಸಿಕೊಂಡಿತ್ತು.

"ಬೈಕಣ್ಣ, ನಾನು ಗಟ್ಟಿ ಕಬ್ಬಿಣ," ಎಂದಿತು ಹಳೇ ಸ್ಟ್ಯಾಂಡು.

"ನಾನು ನಿನ್ನನ್ನು ಮೊಣಕಾಲೆತ್ತರಕ್ಕೆ ಎತ್ತುತ್ತೇನೆ," ಎಂದಿತು ಹೊಸದು.

ಹಳೆಯದು ಮಾತಾಡಿದಾಗ ಅದೇ ಸರಿ, ಹೊಸದು ಮಾತಾಡಿದಾಗ ಇದೇ ಸರಿ ಅನ್ನಿಸಿ ಬೈಕಿಗೆ ಅಲ್ಲೇ ಮಧ್ಯಾಹ್ನವಾಯಿತು. ಕೊನೆಗೆ ಹೊಸದನ್ನು ಹತ್ತಿತು. ಹತ್ತಿದ್ದೇ ತಡ, ಗೇಟಿನ ಕಡೆಗೆ ಜಾರಿ ದಡಾರನೆ ಬಿತ್ತು.

"ತೊಳೆದ ನೀರು ಹರಿದುಹೋಗಲೆಂದು ನನ್ನನ್ನು ಗೇಟಿನತ್ತ ಇಳಿಜಾರು ಮಾಡಿದ್ದಾರೆ, ಇಲ್ಲಿ ಯಾವ ಸ್ಟ್ಯಾಂಡಾದರೂ ಜಾರುತ್ತದೆ," ಎಂದಿತು ಅಂಗಳ. "ಬೆಳಗಿನಿಂದ ನನ್ನ ಮೇಲೇ ನಿಂತು ಯೋಚಿಸಿದೆಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ?"

ಬೈಕು ಬಿದ್ದಲ್ಲೇ ಬಹಳ ಹೊತ್ತು ಯೋಚಿಸಿತು.

"ಹಾಗಾದರೆ ಹಳೇ ಸ್ಟ್ಯಾಂಡನ್ನೇ ಹತ್ತಬೇಕಿತ್ತು ಅನ್ನುತ್ತೀಯಾ?" ಎಂದಿತು.