ಬಿರುಕಿನ ತುದಿ

ಹಳೆಯ ಡೀಸೆಲ್ ಟೆಂಪೊ ಒಂದರ ಇಂಜಿನ್ ಬ್ಲಾಕ್ ಬಿರುಕು ಬಿಟ್ಟಿತ್ತು. ಮೆಕ್ಯಾನಿಕ್ ಮೌಲಾಸಾಬ ಎರಡು ಸಲ ಪೇಸ್ಟ್ ಮೆತ್ತಿದ್ದ. ಎರಡು ಸಲವೂ ಏರು ಹತ್ತುವಾಗ ನೀರು ಸೋರಿ ಗಾಡಿ ನಿಂತಿತ್ತು. ಈ ಸಲ ಅವನು ಬ್ಲಾಕನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಡ್ರಿಲ್ ಕೈಗೆತ್ತಿಕೊಂಡ.

"ಮೊದಲೇ ಒಡೆದಿದ್ದೇನೆ. ಇನ್ನೂ ಕೊರೆಯುತ್ತೀಯಾ?" ಎಂದಿತು ಬ್ಲಾಕ್.

"ತುದಿಗಳಲ್ಲಿ ತೂತು ಬಿದ್ದರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಬೆಸುಗೆ ಹಾಕುತ್ತಾರೆ" ಎಂದಿತು ಡ್ರಿಲ್.

"ಬೇಡ. ದಣಿದಿದ್ದೇನೆ. ಗುಜರಿಗೆ ಹಾಕಲಿ, ಮಲಗಿರುತ್ತೇನೆ."

"ಗುಜರಿಯಲ್ಲಿ ಮಲಗಲು ಯಾರು ಬಿಡುತ್ತಾರೆ? ಕರಗಿಸಿ ಇನ್ನೊಂದು ಬ್ಲಾಕ್ ಎರಕ ಹೊಯ್ಯುತ್ತಾರೆ. ಮತ್ತೆ ಮೊದಲಿನಿಂದ ದುಡಿಯಬೇಕು."

ಬಿರುಕಿನ ತುದಿಯೆಂದು ಮೌಲಾಸಾಬ ಹಾಕಿದ್ದ ಗುರುತಿನ ಮೇಲೆ ಡ್ರಿಲ್ಲಿನ ಮೊನೆ ಬಂದಾಗ ಬ್ಲಾಕ್ ಮೆಲ್ಲಗೆ ಹೇಳಿತು: "ಅಲ್ಲಲ್ಲ. ಬಿರುಕು ಬಣ್ಣದ ಅಡಿಯಲ್ಲಿ ಇನ್ನೂ ಎರಡು ಬೆರಳು ಮುಂದಕ್ಕೆ ಹೋಗಿದೆ. ನಾಚಿಕೆಯಿಂದ ಯಾರಿಗೂ ತೋರಿಸಿರಲಿಲ್ಲ."

ಡ್ರಿಲ್ ಬೇಕೆಂದೇ ಜಾರಿ ಅಲ್ಲಿಯ ಬಣ್ಣ ಕೆರೆಯಿತು. ಮೌಲಾಸಾಬ ಬಗ್ಗಿ ನೋಡಿ ಟೆಂಪೊದ ಒಡತಿ ಗಂಗವ್ವನನ್ನು ಕರೆದ.

"ಅಕ್ಕಾ, ಇಲ್ಲಿ ನೋಡ್ರಿ. ಕೂದಲೆಳಿ ಹಂಗ ಮುಂದ ಹೋಗೇತಿ. ಅದಕ್ಕ ಪೇಸ್ಟ್ ನಿಲ್ತಿರಲಿಲ್ಲ."

"ಹಂಗಾರ ಅಲ್ಲಿಂದನ ಹಿಡಿಯಪ್ಪಾ. ನನಗೂ ದಾರ್‍ಯಾಗ ನಿಂತು ನಿಂತು ಸಾಕಾಗೇತಿ" ಎಂದಳು ಗಂಗವ್ವ.

ನಿಜವಾದ ತುದಿಯಲ್ಲಿ ತೂತು ಬಿತ್ತು, ಬೆಸುಗೆ ಕೂತಿತು. ಟೆಂಪೊ ಈರುಳ್ಳಿ ಚೀಲ ಹೊತ್ತು, ಒಂದು ಹನಿಯೂ ಸೋರದೆ ಅದೇ ಏರು ಹತ್ತಿತು. ಕೆಲವು ವಾರಗಳ ಮೇಲೆ ಎಣ್ಣೆ ಬದಲಿಸಲು ಶೆಡ್ಡಿಗೆ ಬಂತು.

"ಇನ್ನೂ ನೋಯುತ್ತದೆಯೇ?" ಎಂದು ಡ್ರಿಲ್ ಕೇಳಿತು.

"ನೋಯುತ್ತದೆ" ಎಂದಿತು ಬ್ಲಾಕ್. "ಆದರೆ ಬಿರುಕು ಮುಂದಕ್ಕೆ ಹೋಗುತ್ತಿಲ್ಲ."